ಆರು ಹಳದಿ ವೃತ್ತಗಳು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 6:40

ಅಣ್ಣ ಇನ್ನೂ ಎದ್ದಿಲ್ಲ. ಅತ್ತಿಗೆ ಹಾಲು ತರಲು ಹೋಗಿದ್ದಾರೆ. ಊಟದ ಮೇಜಿನ ಅರ್ಧಭಾಗ ಈಗ ಅಣ್ಣ ಜೋಡಿಸುತ್ತಿರುವ ಮಾದರಿ ವಿಮಾನದ್ದು. ಹಳೆಯ ಪೇಪರ್, ಬಣ್ಣದ ಡಬ್ಬಿಗಳು, ಚಿಮಟ, ಅಂಟು. ನಿಜ ವಿಮಾನದ ಎಪ್ಪತ್ತೆರಡರಲ್ಲೊಂದು ಅಳತೆ, ಅಂಗೈಯಲ್ಲಿ ಕೂರುತ್ತದೆ. ಯುದ್ಧಕಾಲದ ಫೈಟರ್. ತಯಾರಿಸಿದ ದೇಶ ಒಂದು, ವಶಪಡಿಸಿಕೊಂಡು ಹಾರಿಸಿದ ದೇಶ ಇನ್ನೊಂದು. ಹಳೆಯ ಗುರುತಿನ ಮೇಲೆ ಹೊಸ ಒಡೆಯರ ಹಳದಿ ವೃತ್ತ. ಅಣ್ಣನಿಗೆ ಇಂಥವೇ ಬೇಕು. "ಎಲ್ಲರೂ ಮಾಡೋದನ್ನ ನಾನ್ಯಾಕೆ ಮಾಡ್ಲಿ? ಇನ್ನೊಬ್ಬರ ಅಂಗಿ ತೊಟ್ಟಿರೋ ವಿಮಾನವೇ ಚೆಂದ."

ವೃತ್ತಗಳು ಆರು. ರೆಕ್ಕೆಯ ಮೇಲೆ ಎರಡು, ಕೆಳಗೆ ಎರಡು, ಮೈಯ ಎರಡು ಪಕ್ಕ. ನೀರಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರ್ ಪೆಟ್ಟಿಗೆಯಲ್ಲೇ ಇತ್ತು. ಅಣ್ಣ ಮುಟ್ಟಲಿಲ್ಲ. "ಮೂವತ್ತು ವರ್ಷ ಬೋರ್ಡ್ ಬರೆದೋನು ಸ್ಟಿಕ್ಕರ್ ಅಂಟಿಸೋದಾ? ನಗ್ತಾರೆ ಕಣೇ."

ನಿಜ. ಕೈವಾರ ಇಡದೆ ಆಳೆತ್ತರದ ವೃತ್ತ ಬರೆಯುತ್ತಿದ್ದವನು. ಡಿಸೆಂಬರ್‌ವರೆಗೆ. ಸ್ಟ್ರೋಕ್ ಆದ ಮೇಲೆ ಬಲಗೈ ನಡುಗುತ್ತದೆ.

ನಿನ್ನೆ ಸಂಜೆ ಮೊದಲನೆಯದನ್ನು ಬರೆದ. ಈಗ ನೋಡಿದೆ. ವೃತ್ತವಲ್ಲ, ಯಾರೋ ಕಚ್ಚಿಟ್ಟ ಬಿಸ್ಕತ್ತು. ಒಂದು ಹನಿ ಕೆಳಕ್ಕೆ ಇಳಿದಿತ್ತು. ಹನಿಯನ್ನಷ್ಟೇ ಒರೆಸೋಣ ಎಂದು ಟೂತ್‌ಪಿಕ್ ಅನ್ನು ಥಿನ್ನರಿನಲ್ಲಿ ಅದ್ದಿದೆ. ಕೆಳಗಿನ ಹಸಿರು ನೀರಲ್ಲಿ ಕಲಸುವ ಬಣ್ಣ, ಒಣಗಿ ವಾರವಾಗಿದೆ. ಮೇಲಿನ ಹಳದಿ ಎಣ್ಣೆಬಣ್ಣ, ಇನ್ನೂ ಹಸಿ. ಥಿನ್ನರ್ ಹಳದಿಯನ್ನಷ್ಟೇ ಎತ್ತಿತು. ಹನಿ ಹೋಯಿತು. ಪಕ್ಕದ ಅಂಚು ಕಣ್ಣಿಗೆ ಚುಚ್ಚಿತು. ಅದನ್ನೂ… ಅದರ ಪಕ್ಕದ್ದನ್ನೂ…

ಹದಿನೈದು ನಿಮಿಷ. ದುಂಡಗಾಯಿತು. ಹಲ್ಲಿನ ಲ್ಯಾಬಿನಲ್ಲಿ ದಿನವಿಡೀ ನನಗೆ ಇದೇ ಕೆಲಸ — ಕಟ್ಟುಹಲ್ಲಿಗೆ ಕೂದಲೆಳೆಯಂಥ ಕುಂಚದಲ್ಲಿ ಬಣ್ಣ. ಕೈ ತಾನಾಗಿ ಮಾಡಿಬಿಟ್ಟಿತು. ಹಾಗೆ ಬರೆದುಕೊಳ್ಳುವುದು ಸುಲಭ.

ಅದೇ ದಿನ, ಸಂಜೆ

ಅಣ್ಣ ಬಾಗಿಲಲ್ಲೇ ಕೈ ಹಿಡಿದು ಎಳೆದುಕೊಂಡು ಹೋದ. ಭೂತಗನ್ನಡಿ ಕೈಗಿಟ್ಟ.

"ನೋಡೇ ಇಲ್ಲಿ! ಬರೆಯೋವಾಗ ಅಂಕುಡೊಂಕು ಅನ್ನಿಸಿತ್ತು. ಒಳ್ಳೆ ಬಣ್ಣ ಕಣೇ. ಒಣಗ್ತಾ ಒಣಗ್ತಾ ತಾನೇ ಸಮ ಆಗಿಬಿಡುತ್ತೆ."

"ಹೌದಾ?" ಎಂದೆ.

ಒಂದೇ ಪದ. ಅಷ್ಟು ಸಾಕಾಯಿತು. ಡಿಸೆಂಬರ್ ಆದ ಮೇಲೆ ಅವನು ಬಾಯ್ತುಂಬ ನಕ್ಕದ್ದು ಇವತ್ತೇ.

ಮಾರ್ಚ್ 9, ಸೋಮವಾರ

ಆರೂ ಮುಗಿದವು. ಸಂಜೆ ಅವನದು, ಬೆಳಿಗ್ಗೆ ನನ್ನದು. ಎರಡನೆಯದಕ್ಕೆ ಟೂತ್‌ಪಿಕ್ ಸಾಲಲಿಲ್ಲ. ಪೂರ್ತಿ ಒರೆಸಿ ಹೊಸದಾಗಿ ಬರೆದೆ. ನಾಲ್ಕನೆಯದರಿಂದ, ಒರೆಸುವ ಮೊದಲು ಅವನದು ಹೇಗಿದೆ ಎಂದು ನೋಡುವುದನ್ನೂ ಬಿಟ್ಟೆ. ಮರುದಿನ ಸಂಜೆವರೆಗೆ ಯಾರೂ ವಿಮಾನ ಮುಟ್ಟಕೂಡದು ಎಂಬುದು ಅವನದೇ ಕಟ್ಟಪ್ಪಣೆ. ನನಗೆ ಅನುಕೂಲವಾಯಿತು.

ಇವತ್ತು ಅತ್ತಿಗೆ ಅವನ ಅಂಗಿಯ ಗುಂಡಿ ಹಾಕುತ್ತ, "ಗುಂಡಿ ಹಾಕೋಕೆ ಬರದ ಕೈ ಗುಂಡಗೆ ಬರೆಯುತ್ತಂತೆ, ಕೇಳಿದ್ಯಾ?" ಎಂದರು.

"ಗುಂಡಿ ಮೇಲೆ ನಂಗೇನು ಪ್ರೀತಿನಾ?"

"ಹಾಗಾದ್ರೆ ಅಂಗಿಗೆ ಗುಂಡಿ ಬದಲು ವಿಮಾನ ಹೊಲಿದುಕೊಡ್ತೀನಿ. ಬೆಳಿಗ್ಗೆ ಎದ್ದು ನೀವೇ ಹಾಕ್ಕೊಳ್ಳಿ."

ಮೂವರೂ ನಕ್ಕೆವು. ನಗು ಮುಗಿದ ಮೇಲೆ ಅತ್ತಿಗೆಯ ಕಣ್ಣು ನನ್ನ ಬೆರಳ ಮೇಲೆ ನಿಂತಿತು. ಉಗುರಿನ ಸಂದಿಯಲ್ಲಿ ಹಳದಿ. "ಲ್ಯಾಬಿಂದು," ಎಂದೆ. ಇಷ್ಟು ಹಳದಿಯ ಹಲ್ಲು ಯಾರಿಗಿರುತ್ತದೆ? ಅವರು ಕೇಳಲಿಲ್ಲ.

ಓದುತ್ತಿರುವ ಕಾದಂಬರಿ ಅನುವಾದ. ಓದುವಾಗ ಅನುವಾದಕಿಯ ಕೈ ಎಲ್ಲೂ ಕಾಣುವುದಿಲ್ಲ. ಮೊದಲಾದರೆ ಮೆಚ್ಚುತ್ತಿದ್ದೆ. ಇವತ್ತು ಒಳಪುಟ ತೆರೆದು ನೋಡಿದೆ. ಅವಳ ಹೆಸರು ಅಲ್ಲಿದೆ. ಕದ್ದು ಮಾಡಿದ ಕೆಲಸವಲ್ಲ ಅದು.

ಮಾರ್ಚ್ 22, ಭಾನುವಾರ

ಮಾದರಿ ವಿಮಾನ ಕ್ಲಬ್ಬಿನ ಸ್ಪರ್ಧೆ. ಶಾಲೆಯೊಂದರ ಹಾಲ್, ಉದ್ದನೆಯ ಬೆಂಚುಗಳು, ನೂರಕ್ಕೂ ಹೆಚ್ಚು ವಿಮಾನ. ತೀರ್ಪುಗಾರರು ನಿವೃತ್ತ ರೈಲ್ವೆ ಗಾರ್ಡ್. ಕೊರಳಲ್ಲಿ ಶಿಳ್ಳೆಯ ಬದಲು ಭೂತಗನ್ನಡಿ. ಅಣ್ಣನ ವಿಮಾನದ ಮುಂದೆ ಬಹಳ ಹೊತ್ತು ನಿಂತರು.

"ಇದು ಕೈಯಲ್ಲಿ ಬರೆದದ್ದಾ? ಅದ್ಭುತ. ಆದ್ರೆ ಒಂದು ತೊಂದ್ರೆ ಇದೆ." ಫೈಲಿನಿಂದ ಹಳೆಯ ಫೋಟೋದ ಪ್ರತಿ ತೆಗೆದರು. "ಈ ಗುರುತನ್ನ ಪೇಂಟರ್ ಬರೆದಿಲ್ಲ. ವಿಮಾನ ಕೈಗೆ ಸಿಕ್ಕಿದ ದಿನವೇ, ತಮ್ಮವರೇ ಹೊಡೆದು ಬೀಳಿಸದ ಹಾಗೆ, ಮೆಕ್ಯಾನಿಕ್‌ಗಳು ಗಡಿಬಿಡೀಲಿ ಬಳಿದದ್ದು. ನೋಡಿ."

ನೋಡಿದೆ. ಕಚ್ಚಿಟ್ಟ ಬಿಸ್ಕತ್ತು. ಒಂದು ಹನಿ ಕೆಳಕ್ಕೆ ಇಳಿದಿದೆ.

"ಎರಡು ಅಂಕ ಕಳೀಲೇಬೇಕಾಯ್ತು. ನಿಮ್ಮ ಕೈ ಅತಿ ಸ್ಥಿರ ಸ್ವಾಮಿ."

ಎರಡನೇ ಬಹುಮಾನ. ಬಸ್ಸಿನಲ್ಲಿ ಅಣ್ಣ ಪಕ್ಕದ ಸೀಟಿನವರಿಗೂ ಹೇಳಿದ — "ಕೈ ನಡುಗಲ್ಲ ಅಂತ ಅಂಕ ಕಳೆದ್ರು ರೀ! ಇಂಥ ಅನ್ಯಾಯ ಎಲ್ಲಾದ್ರೂ ಉಂಟಾ?" ನಕ್ಕು ನಕ್ಕು ಕಣ್ಣಲ್ಲಿ ನೀರು.

ಇಷ್ಟು ಬರೆದು ನಿಲ್ಲಿಸಬಹುದು. ನಿಲ್ಲಿಸುವಂತಿಲ್ಲ. ಗಾರ್ಡ್ "ಅದ್ಭುತ" ಎಂದಾಗ ನನ್ನ ಬೆನ್ನು ನೆಟ್ಟಗಾಯಿತು. ಅಣ್ಣನಿಗಾಗಿ ಅಲ್ಲ. ನನ್ನ ಕೆಲಸವನ್ನು ಮೊದಲ ಸಲ ಯಾರೋ ಬೆಳಕಿಗೆ ಹಿಡಿದು ನೋಡಿ ಹೊಗಳಿದ್ದರು. ಕಟ್ಟುಹಲ್ಲನ್ನು ಯಾರೂ ಹಾಗೆ ನೋಡುವುದಿಲ್ಲ.

ಮಾರ್ಚ್ 24, ಮಂಗಳವಾರ

ಅಣ್ಣ ಫಿಸಿಯೋಥೆರಪಿಗೆ ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲವಂತೆ.

"ಹಿಟ್ಟಿನುಂಡೆ ಹಿಸುಕಿ, ಬಟಾಣಿ ಹೆಕ್ಕಿ… ಎಳೆಮಕ್ಕಳ ಥರ. ಸಾಕು. ಅತಿ ಸ್ಥಿರ ಅಂತ ಸರ್ಟಿಫಿಕೇಟೇ ಸಿಕ್ಕಿದೆಯಲ್ಲ."

ಅತ್ತಿಗೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದರು. "ನೀನಾದ್ರೂ ಹೇಳೇ. ನನ್ನ ಮಾತು ಗೋಡೆಗೆ ಹೇಳಿದ ಹಾಗೆ. ನೀನಂದ್ರೆ ಕೇಳ್ತಾರೆ."

ಹೇಳಬೇಕಾದ ಮಾತು ಒಂದೇ ಇತ್ತು. ಬಾಯಿಗೆ ಬಂದದ್ದು — "ಸ್ವಲ್ಪ ದಿನ ಬಿಡಿ ಅತ್ತಿಗೆ. ಖುಷಿಯಾಗಿದ್ದಾನೆ."

ಏಪ್ರಿಲ್ 16, ಗುರುವಾರ

ಮೂರು ವಾರ ಏನೂ ಬರೆದಿಲ್ಲ. ಬರೆಯುವುದಕ್ಕೆ ಇದ್ದದ್ದೂ ಒಂದೇ — ಎರಡನೆಯ ವಿಮಾನ. ಈ ಸಲ ಕೆಂಪು ಪಟ್ಟಿ, ಬಾಲದ ಮೇಲೆ ಬಿಳಿ ಅಂಕಿ. ಸಂಜೆ ಅವನದು, ಬೆಳಿಗ್ಗೆ ನನ್ನದು.

ಇವತ್ತು ಲ್ಯಾಬಿಗೆ ಫೋನ್. ಫಿಸಿಯೋಥೆರಪಿಸ್ಟ್.

"ನಿಮ್ಮಣ್ಣ ಮೂರು ವಾರದಿಂದ ಬಂದಿಲ್ಲ ಮೇಡಂ. ಫೋನ್ ಮಾಡಿದ್ರೆ ಕೈ ವಾಸಿಯಾಗಿದೆ, ಬಹುಮಾನ ಬಂದಿದೆ ಅಂತಾರೆ. ನಾನು ಕೊನೇ ಸಲ ನೋಡಿದಾಗ ಬಟಾಣಿ ಹಿಡಿಯೋಕೆ ಆಗ್ತಿರ್ಲಿಲ್ಲ. ಅವರು ಬರೆಯೋದನ್ನ ನೀವು ಕಣ್ಣಾರೆ ನೋಡಿದೀರಾ?"

"ಇಲ್ಲ," ಎಂದೆ. ಆರು ವಾರದಲ್ಲಿ ಹೇಳಿದ ಮೊದಲ ನಿಜ. ಅದೂ ಮುಖ ಕಾಣದವರಿಗೆ.

"ಮೊದಲ ಆರು ತಿಂಗಳಲ್ಲಿ ಕೈ ಬಂದಷ್ಟು ಬೇಗ ಆಮೇಲೆ ಬರಲ್ಲ. ಈಗಾಗಲೇ ನಾಲ್ಕು ದಾಟಿದೆ. ಸೋಮವಾರ ಒಂಬತ್ತು ಗಂಟೆ ಅವರದೇ ಸಮಯ. ಬಂದ್ರೆ ಸರಿ. ಬರದಿದ್ರೆ ಬೇರೆಯವರು ಕಾಯ್ತಿದಾರೆ."

ಆಮೇಲೆ ಒಂದು ಹಲ್ಲಿನ ಬಣ್ಣ ತಪ್ಪಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಏಪ್ರಿಲ್ 18, ಶನಿವಾರ

ಹೇಳುವ ಧೈರ್ಯ ಬರಲಿಲ್ಲ. ಉಪಾಯ ಹೂಡಿದೆ. ಬೆಳಿಗ್ಗೆ ಬಾಲದ ಅಂಕಿಯನ್ನು ಮುಟ್ಟದೆ ಬಿಟ್ಟೆ. ಅವನೇ ನೋಡಲಿ, ತಾನೇ ತಿಳಿದುಕೊಳ್ಳಲಿ, ತಾನಾಗಿ ವ್ಯಾಯಾಮಕ್ಕೆ ಹೋಗಲಿ. ನನ್ನ ಹೆಸರು ಎಲ್ಲೂ ಬರದ ಹಾಗೆ.

ಸಂಜೆ ಬಂದಾಗ ಅವನು ಮೇಜಿನ ಮುಂದೆ ಇರಲಿಲ್ಲ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಊಟ ಬೇಡವಂತೆ. ಅತ್ತಿಗೆ ಪಿಸುಗುಟ್ಟಿದರು, "ಮತ್ತೆ ಸ್ಟ್ರೋಕ್ ಆಗ್ತಿದೆಯೇನೋ ಅಂತಾರೆ ಕಣೇ. ಮೊನ್ನೆವರೆಗೆ ಸರಿಯಿದ್ದ ಕೈ ಒಂದೇ ದಿನದಲ್ಲಿ ಹೋಯ್ತಂತೆ. ಡಾಕ್ಟರಿಗೆ ಫೋನ್ ಮಾಡ್ಲಾ?"

ಹತ್ತಿರ ಕೂತೆ. ತಿರುಗದೆ ಕೇಳಿದ, "ನನ್ನ ಬಾಯಿ ನೆಟ್ಟಗಿದ್ಯಾ ನೋಡು. ಮಾತು ತೊದಲ್ತಿದ್ಯಾ?"

"ಇಲ್ಲಣ್ಣ. ಎಲ್ಲ ಸರಿ ಇದೆ."

"ಹಾಗಾದ್ರೆ ಕೈ ಯಾಕೆ ಹೀಗಾಯ್ತು?"

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರು ಅವನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. "ದಣಿವು," ಎಂದೆ. ಎದ್ದು ಬಂದೆ.

ಏಪ್ರಿಲ್ 19, ಭಾನುವಾರ. ಬೆಳಿಗ್ಗೆ

ಅಂಕಿಯನ್ನು ಸರಿಮಾಡಿಬಿಡಲೇ ಎಂದು ಕುಂಚ ಕೈಗೆತ್ತಿಕೊಂಡಿದ್ದೆ. ಸರಿಮಾಡಿದರೆ ಏಳು ಗಂಟೆಗೆ ಎದ್ದು ನೋಡಿದಾಗ ಅವನ ಹೆದರಿಕೆ ಹೋಗುತ್ತದೆ. ಕೈಯೂ ಹೋಗುತ್ತದೆ, ನಿಧಾನವಾಗಿ, ನಗುನಗುತ್ತ. ಕುಂಚ ತೊಳೆದಿಟ್ಟೆ.

ಅವನಿಂದ ಸಂತೋಷ ಕಿತ್ತುಕೊಳ್ಳಬಾರದು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ನನ್ನದನ್ನೂ ಬಿಡಲು ಮನಸ್ಸಿರಲಿಲ್ಲ.

ನಾಳೆಯವರೆಗೆ ಕಾಯುವುದಿಲ್ಲ. ಇನ್ನೊಂದು ದಿನ ಅವನು ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳುವುದು ಬೇಡ. ಎದ್ದು ಮುಖ ತೊಳೆದು ಬರುತ್ತಾನೆ. ಆಗ ಹೇಳುತ್ತೇನೆ. ಅತ್ತಿಗೆಯೂ ಇರಲಿ. ಹನಿಯಿಂದ ಶುರುಮಾಡಿ ಎಲ್ಲ ಹೇಳುತ್ತೇನೆ. ಗಾರ್ಡ್ ತೋರಿಸಿದ ಫೋಟೋಗೆ ಅವನ ವೃತ್ತವೇ ಹತ್ತಿರವಿತ್ತು ಎನ್ನುವುದನ್ನೂ. ನಾಳೆ ಒಂಬತ್ತಕ್ಕೆ ಲ್ಯಾಬಿಗೆ ರಜೆ ಹಾಕಿ ಜೊತೆಗೆ ಹೋಗುತ್ತೇನೆ — ಬಾ ಎಂದರೆ.

ಬೈದರೆ ಬೈಯಲಿ. ಮಾತು ಬಿಟ್ಟರೆ ಬಿಡಲಿ. ಅದಕ್ಕೆಲ್ಲ ತಯಾರಿದ್ದೇನೆ. ಒಂದಕ್ಕೆ ಮಾತ್ರ ಇಲ್ಲ. ಎಲ್ಲ ಕೇಳಿಸಿಕೊಂಡು, ಮೆಲ್ಲಗೆ, "ಆರರಲ್ಲಿ ಒಂದಾದ್ರೂ ನಂದಿತ್ತೇನೇ?" ಎಂದು ಕೇಳಿಬಿಟ್ಟರೆ…

ಬಚ್ಚಲ ನಲ್ಲಿ ತಿರುಗಿಸಿದ ಸದ್ದು. ಎದ್ದ—