ಒಲೆಯ ಹಿಡಿ ಬಿಸಿಯಾಗುತ್ತದೆ

ಬುಧವಾರ, ನಲವತ್ತಮೂರನೆಯ ವಾರ

ಪ್ರೀತಿಯ ಅಕ್ಕ,

ನನ್ನ ಕುರ್ಚಿಯನ್ನು ನನ್ನನ್ನೊಂದು ಮಾತೂ ಕೇಳದೆ ಇನ್ನೊಬ್ಬಳಿಗೆ ಕೊಟ್ಟಿರಿ. ಅದು ತಪ್ಪು.

ಸ್ವೀಡಿಷ್ ಗಿರಾಕಿಗಳಿಗೆ ಬರೆಯುವಾಗ ತಪ್ಪೇನೆಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಬೇಕು ಎಂದು ಕಲಿಸಿದವರು ನೀವು. ಪೀಠಿಕೆ ಹಾಕಿದರೆ ಅವರಿಗೆ ಅನುಮಾನ ಬರುತ್ತದೆ, ಹೊಗಳಿದರೆ ಕಾಗದವನ್ನೇ ಪಕ್ಕಕ್ಕಿಡುತ್ತಾರೆ ಎನ್ನುತ್ತಿದ್ದಿರಿ. ನಿಮಗೆ ಬರೆಯುವಾಗಲೂ ಅದೇ ಸರಿ ಅನ್ನಿಸಿತು. ಮೇಲೆ ತಾರೀಖಿನ ಬದಲು ವಾರದ ಸಂಖ್ಯೆ ಹಾಕಿದ್ದೂ ಅದೇ ಅಭ್ಯಾಸದಿಂದ. ಆ ಜನ ವರ್ಷವನ್ನು ವಾರಗಳಲ್ಲಿ ಎಣಿಸುತ್ತಾರೆಂದು ನಮ್ಮ ಕೋಣೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಸಂಖ್ಯೆ ಬರೆದವಳು ನಾನು. ಈಗ ಅದನ್ನು ಅವಳು ನೋಡುತ್ತಿರಬಹುದು.

ನಾನು ಕೆಲಸಕ್ಕೆ ಬರದೆ ಮನೆಯಲ್ಲಿ ಕೂತದ್ದನ್ನು ನೀವು ಹೊಟ್ಟೆಕಿಚ್ಚು ಎನ್ನುತ್ತೀರಿ. ನಾನು ಮುಷ್ಕರ ಎನ್ನುತ್ತೇನೆ. ಬೀಗದಂಗಡಿಯ ಮೇಲಿನ ಆ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದ ದಿನ ನಮ್ಮಿಬ್ಬರ ನಡುವೆ ಒಂದು ಮಾತಾಗಿತ್ತು. ಇಲ್ಲಿ ಯಜಮಾನಿ ಇಲ್ಲ, ಆಳಿಲ್ಲ. ಏನೇ ತೀರ್ಮಾನವಾದರೂ ಇಬ್ಬರೂ ಒಪ್ಪಿಯೇ ಆಗಬೇಕು. ಆ ಷರತ್ತು ನನ್ನದು. ನೀವು ಕನ್ನಡಕ ಒರೆಸಿಕೊಳ್ಳುತ್ತ, "ಇರೋರೇ ಇಬ್ರು. ಬಹುಮತ ಎಲ್ಲಿಂದ ತರ್ತೀಯ ತಾಯಿ?" ಎಂದಿರಿ. ನಕ್ಕರೂ ಒಪ್ಪಿದಿರಿ. ಒಪ್ಪಿದ ಮಾತನ್ನು ಮುರಿಯುವುದು ದೊಡ್ಡ ಕಾರ್ಖಾನೆಯಲ್ಲಿ ಅನ್ಯಾಯವಾದರೆ ಎರಡು ಕೋಣೆಯಲ್ಲೂ ಅನ್ಯಾಯವೇ.

ನಾನು ನಿಮ್ಮ ಹತ್ತಿರ ಹೇಗೆ ಬಂದೆ ಎಂಬುದು ನಿಮಗೆ ನೆನಪಿದೆಯೋ ಇಲ್ಲವೋ. ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಹಳೆಯ ಕರಪತ್ರಗಳ ಕಟ್ಟು ಬಗಲಲ್ಲಿಟ್ಟುಕೊಂಡು ಬಂದಿದ್ದೆ. ಅವು ಸ್ವೀಡಿಷ್ ಕೆಲಸಗಾರರ ಸಂಘದವು. ಒಂದು ಹಳೆಯ ನಿಘಂಟಿನ ಜೊತೆ ಅವನ್ನೇ ಗುದ್ದಾಡಿ ಓದಿ ಭಾಷೆ ಕಲಿತಿದ್ದೆ. ಕೂಲಿ, ಹಕ್ಕು, ಏಳಿ, ಒಂದಾಗಿ ಎಂಬ ಮಾತುಗಳೆಲ್ಲ ಬರುತ್ತಿದ್ದವು. ಬೆಲೆ, ರಶೀದಿ, ದುರಸ್ತಿ ಎಂಬುವು ಗೊತ್ತಿರಲಿಲ್ಲ. ನೀವು ಹಡಗು ಕಚೇರಿಯಲ್ಲಿ ಇಡೀ ವಯಸ್ಸೆಲ್ಲ ಆ ಜನರ ಫೋನಿಗೆ ಉತ್ತರ ಕೊಟ್ಟವರು. ನನ್ನ ಮೊದಲ ಹಾಳೆ ಓದಿ, "ಒಲೆ ಹೊತ್ತಿಸೋದು ಹೇಗೆ ಅಂತ ಬರಿ ಅಂದ್ರೆ ಕ್ರಾಂತಿ ಹೊತ್ತಿಸಿದ್ದೀಯಲ್ಲೇ" ಎಂದಿರಿ. ಅವತ್ತಿನಿಂದ ನನ್ನನ್ನು ಕಿಡಿ ಎಂದು ಕರೆದಿರಿ. ಅಡ್ಡಹೆಸರು ಇಡುವುದು ನಿಮಗೆ ಇಷ್ಟವಾದವರಿಗೆ ಮಾತ್ರ ಎಂದು ನಾನು ನಂಬಿದ್ದೆ.

ಆ ಹೊಸಬಳು ಬಂದ ವಾರದಲ್ಲೇ ಅವಳಿಗೂ ಅರಳೆ ಎಂದು ಹೆಸರಿಟ್ಟಿರಿ. ಹತ್ತಿಯಂಥ ದನಿಯಂತೆ. ನನಗೇನೂ ಅಂಥ ಮೆತ್ತಗೆ ಕೇಳಿಸಲಿಲ್ಲ.

ನಮ್ಮ ಕೆಲಸದಲ್ಲಿ ನನಗೆ ಅಭಿಮಾನವಿತ್ತು, ಅಕ್ಕ. ವ್ಯಾಪಾರದ ಕಾಗದವನ್ನು ಇನ್ನೊಂದು ಭಾಷೆಗೆ ತಿರುಗಿಸುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ನನ್ನ ಓದುಬಳಗದವರು ಹಂಗಿಸಿದ್ದುಂಟು. ನಾನು ವಾದ ಮಾಡುತ್ತಿದ್ದೆ. ಆ ದೇಶಕ್ಕೆ ಒಲೆ ಮಾರುವ ಕಂಪನಿಯವರು 'ಜಗತ್ತಿನಲ್ಲೇ ಅತ್ಯುತ್ತಮ' ಎಂದು ಬರೆದು ಕಳಿಸಿದ್ದನ್ನು ನಾವು 'ದಿನಾ ಉರಿಸಿದರೂ ಬಾಳಿಕೆ ಬರುತ್ತದೆ, ಕೆಟ್ಟರೆ ಈ ಸಂಖ್ಯೆಗೆ ಫೋನ್ ಮಾಡಿ' ಎಂದು ಮಾಡುತ್ತೇವೆ. 'ಮಾನ್ಯ ಗ್ರಾಹಕ ಮಹಾಶಯರೇ' ಎಂದು ಅವರು ಕೈಮುಗಿದು ನಿಂತರೆ, ನಾವು ಪಕ್ಕದ ಮನೆಯವರ ಹಾಗೆ ನೆಟ್ಟಗೆ 'ನೀನು' ಎಂದು ಮಾತಾಡಿಸುತ್ತೇವೆ, ಆ ಭಾಷೆಯಲ್ಲಿ ಮಂತ್ರಿಯನ್ನೂ ಹಾಗೇ ಮಾತಾಡಿಸುತ್ತಾರೆ ಎಂದು ಹೇಳುತ್ತಿದ್ದೆ. ಸುಳ್ಳಿನ ಕೊಬ್ಬು ಕರಗಿಸುವುದೂ ಒಂದು ಹೋರಾಟವೇ ಎನ್ನುತ್ತಿದ್ದೆ. ಈಗಲೂ ಎನ್ನುತ್ತೇನೆ.

ಕಿವಿಗೆ ಆ ಧಾಟಿ ಹತ್ತಲಿ ಎಂದು ಕೋಣೆಯೊಳಗೆ ನಾವೂ ಒಬ್ಬರನ್ನೊಬ್ಬರು 'ನೀನು' ಎಂದೇ ಕರೆಯಬೇಕೆಂದು ನೀವು ನಿಯಮ ಮಾಡಿದಿರಿ. ನಾನು ಕುಣಿದಾಡಿದೆ. ಆದರೆ ನಿಮ್ಮ ಎದುರು ನನ್ನ ನಾಲಿಗೆ ಏಳಲೇ ಇಲ್ಲ. 'ನೀನು' ಎಂದು ಬಾಯಿ ತೆರೆದರೆ 'ನೀವು' ಎಂದೇ ಹೊರಬೀಳುತ್ತಿತ್ತು. "ಸಮಾನತೆ ಅಂತ ಊರೆಲ್ಲ ಸಾರ್ತೀಯ, ನನ್ನ ಮುಂದೆ ಮಾತ್ರ ಸೊಂಟ ಬಗ್ಗಿಸ್ತೀಯ" ಎಂದು ರೇಗಿಸುತ್ತಿದ್ದಿರಿ. ಅವಳು ಬಂದ ಮೊದಲ ದಿನವೇ ಚೀಲ ಕೆಳಗಿಡುತ್ತ, "ನೀನು ಕಿಟಕಿ ತೆಗೆದಿಡ್ತೀಯಾ ಯಾವಾಗಲೂ? ನಂಗೂ ಗಾಳಿ ಬೇಕು" ಎಂದಳು. ನೀವು ಮುಖವರಳಿಸಿ, "ನೋಡು, ಹೀಗೆ" ಎಂದು ನನ್ನ ಕಡೆ ತಿರುಗಿದಿರಿ. ನಿಮ್ಮ ಮುಖ ನಾನು ತಡವರಿಸಿದಾಗ ಒಮ್ಮೆಯೂ ಹಾಗೆ ಅರಳಿರಲಿಲ್ಲ.

ಫೋನಿನ ಮಾತು ಬಂದರಂತೂ ನಾನು ಆ ಕೋಣೆಯ ಬೀರುವಿನ ಹಾಗೆ ಆಗುತ್ತಿದ್ದೆ. ಅವಳೂ ಒಲೆ ಕಂಪನಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತಿದ್ದವಳು. ಆ ದೇಶದ ಉತ್ತರ ಭಾಗದ ಗಿರಾಕಿಗಳು ಹೌದು ಎನ್ನಬೇಕಾದರೆ ಬಾಯಿಬಿಟ್ಟು ಹೇಳದೆ ಉಸಿರನ್ನು ಸರ್ರನೆ ಒಳಗೆಳೆದುಕೊಳ್ಳುತ್ತಾರೆ ಎಂದು ಅವಳು ಮಾಡಿ ತೋರಿಸಿದಳು. ನೀವು ಮೇಜು ತಟ್ಟಿ ನಕ್ಕಿರಿ. "ಶುರುಶುರುವಲ್ಲಿ ಯಾರಿಗೋ ದಮ್ಮು ಹತ್ತಿದೆ ಅಂತ ಹೆದರಿಬಿಟ್ಟಿದ್ದೆ ಕಣೇ" ಎಂದಿರಿ. ಆಮೇಲೆ ಇಬ್ಬರೂ ಸೇರಿ ದಿನವಿಡೀ ಉಸಿರು ಎಳೆದುಕೊಂಡಿರಿ. ಚಹಾ ಬೇಕಾ, ಸರ್ರ್. ಹಾಳೆ ಮುಗೀತಾ, ಸರ್ರ್. ಈ ಉಸಿರಿನ ಸಂಗತಿಯನ್ನು ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ? ನಾನು ಕಾಗದದಿಂದ ಕಲಿತವಳು. ನನ್ನ ಕರಪತ್ರಗಳು ಉಸಿರಾಡುವುದಿಲ್ಲ.

ಇದನ್ನೆಲ್ಲ ಸಹಿಸುತ್ತಿದ್ದೆ. ಕುರ್ಚಿಯನ್ನು ಸಹಿಸಲಾರೆ.

ಗೋಡೆಗೆ ಮುಖ ಮಾಡಿದ ಆ ಕುರ್ಚಿ ಏನೆಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಬರೆದವಳು ಗಟ್ಟಿಯಾಗಿ ಓದಬೇಕು, ಬರೆಯದವಳು ಗೋಡೆ ನೋಡುತ್ತ ಕೇಳಬೇಕು. ಎಲ್ಲಿ ಕಲ್ಲು ಸಿಕ್ಕಿದ ಹಾಗೆ ಅನಿಸುತ್ತದೋ ಅಲ್ಲಿ ಕೈ ಎತ್ತಬೇಕು. ಕಾರಣ ಆಮೇಲೆ, ಮೊದಲು ತಿದ್ದುಪಡಿ. ಹಾಗೆ ಕೇಳಿಸಿಕೊಳ್ಳದೆ ಒಂದು ಹಾಳೆಯೂ ಆ ಕೋಣೆಯಿಂದ ಹೊರಗೆ ಹೋಗಿಲ್ಲ. ನೀವು ಓದುವಾಗ ನಾನು ನಿಮ್ಮ ಮುಖ ನೋಡುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿದ್ದೆ. ಎಲ್ಲಿ ನಿಮಗೇ ನಂಬಿಕೆಯಿಲ್ಲವೋ ಅಲ್ಲಿ ನಿಮ್ಮ ದನಿ ಕೂದಲೆಳೆಯಷ್ಟು ಏರುತ್ತಿತ್ತು. ಅದು ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಅವತ್ತು ಕಾಗದದ ರೀಮು ತರಲು ಹೋದವಳು ಮೆಟ್ಟಿಲು ಹತ್ತಿ ಬಂದರೆ, ಗಾಜಿನ ಬಾಗಿಲಾಚೆ ಅವಳು ಆ ಕುರ್ಚಿಯಲ್ಲಿದ್ದಳು. ನೀವು ಓದುತ್ತಿದ್ದಿರಿ. ಅವಳು ಕೈ ಎತ್ತಿದಳು. ಸರಿಯಾದ ಕಡೆಯೇ ಎತ್ತಿದಳು. ನೀವು ತಿದ್ದಿ ಮತ್ತೆ ಓದಿದಿರಿ, ಅವಳು ಮತ್ತೆ ಎತ್ತಿದಳು. ಕೊನೆಗೆ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಒಂದೇ ಹಾಳೆಯ ಮೇಲೆ ಬರೆಯತೊಡಗಿದಿರಿ. ನಾನು ರೀಮನ್ನು ಹೊಸಿಲ ಮೇಲಿಟ್ಟು ಇಳಿದುಬಿಟ್ಟೆ. ಕೆಳಗೆ ಬೀಗದಂಗಡಿಯವರು, "ಏನಮ್ಮ, ಇಷ್ಟು ಬೇಗ? ಮೂರು ಜನ ಆದ್ಮೇಲೆ ಮೇಲೆ ಕೆಲಸ ಕಮ್ಮಿ ಆಯ್ತಾ?" ಎಂದರು. ಅವರ ಮೇಲೂ ಸಿಟ್ಟು ಬಂತು, ಪಾಪ.

ಈಗ ನೀವು ಅಮ್ಮನ ಹತ್ತಿರ ಹೇಳಿ ಕಳಿಸಿದ್ದೀರಿ. ಆ ಹಾಳೆಯನ್ನು ನೀವಿಬ್ಬರೂ ಸೇರಿ ಬರೆದಿದ್ದರಿಂದ ಇಬ್ಬರಲ್ಲಿ ಯಾರೂ ಕೇಳುವ ಹಾಗಿಲ್ಲ, ನಾನು ಬಂದು ಕೇಳುವವರೆಗೂ ಅದು ಮೇಜಿನ ಮೇಲೇ ಇರುತ್ತದೆ ಎಂದು. ನಿಯಮ ಮುರಿಯದೆ ಉಳಿದಿದ್ದಕ್ಕೆ ಮೆಚ್ಚಬೇಕೋ, ನನ್ನನ್ನು ಕಟ್ಟಿಹಾಕಿದಿರೆಂದು ಬೈಯಬೇಕೋ ತಿಳಿಯುತ್ತಿಲ್ಲ.

ಅದು ಯಾವ ಹಾಳೆಯೆಂದು ನನಗೆ ಗೊತ್ತು. ಕೋಣೆ ಬೆಚ್ಚಗಿಡುವ ಸೌದೆ ಒಲೆಯ ಹೊಸ ಬಾಗಿಲಿನ ಹಿಡಿ ಕಾದು ಗಿರಾಕಿಗಳ ಅಂಗೈ ಸುಡುತ್ತಿದೆ. ಕಂಪನಿಯವರ ಮೂಲದಲ್ಲಿ ನಾಲ್ಕು ಪ್ಯಾರಾ ಹೊಗಳಿಕೆಯಾದ ಮೇಲೆ ಆ ಮಾತು ಬರುತ್ತದೆ, ಅದೂ 'ಕೆಲವು ಸಂದರ್ಭಗಳಲ್ಲಿ ಉಷ್ಣತೆಯ ಅನುಭವವಾಗಬಹುದು' ಎಂದು. ಅಲ್ಲಿ ಚಳಿ ಶುರುವಾಗಿದೆ. ಮನೆಮನೆಯಲ್ಲೂ ಒಲೆ ಹೊತ್ತಿಸುತ್ತಿದ್ದಾರೆ.

ಅರಳೆ ಆ ಕಂಪನಿ ಬಿಟ್ಟದ್ದು ಯಾಕೆಂದು ಅಮ್ಮನಿಂದ ಗೊತ್ತಾಯಿತು. ಕೈ ಸುಟ್ಟುಕೊಂಡ ಒಬ್ಬ ಹೆಂಗಸು ಫೋನ್ ಮಾಡಿದಾಗ, 'ಅಂಥ ದೂರು ನಮಗೆ ಬಂದೇ ಇಲ್ಲ' ಎಂದು ಹೇಳಲು ಮೇಲಿನವರು ಹೇಳಿದರಂತೆ. ಅವಳು ಹೇಳದೆ ಎದ್ದು ಬಂದಳಂತೆ. ನಾನು ವರ್ಷಗಟ್ಟಲೆ ಓದಿ ಭಾಷಣ ಮಾಡಿದ್ದನ್ನು ಅವಳು ಒಂದು ಕರಪತ್ರವನ್ನೂ ಓದದೆ ಮಾಡಿದ್ದಳು. ಅದಕ್ಕೆ ಸಂತೋಷವಾಗಬೇಕಿತ್ತು. ಇನ್ನಷ್ಟು ಉರಿಯಿತು. ಅವಳ ತಪ್ಪು ಹುಡುಕಿ ಹುಡುಕಿ ನನಗೆ ಉಳಿದದ್ದು ಒಂದೇ: ಅವಳು ನನ್ನ ಕುರ್ಚಿಯಲ್ಲಿ ಕೂತಳು.

ಅಮ್ಮ ಅಡುಗೆಮನೆಯಿಂದಲೇ ಶುರುಮಾಡಿದಳು. "ನ್ಯಾಯ ನ್ಯಾಯ ಅಂತ ಕೂಗೋಳು, ಸವತಿ ಬಂದೋಳ ಹಾಗೆ ಮುಖ ಊದಿಸ್ಕೊಂಡು ಕೂತಿದ್ದೀಯಲ್ಲ" ಎಂದಳು. ಇದು ತತ್ವದ ಪ್ರಶ್ನೆ ಎಂದೆ. "ಹೂಂ, ತತ್ವ. ನಿನ್ನ ಹೊಟ್ಟೆ ಉರಿ ಆರಲಿ ಅಂತ ಅಲ್ಲಿ ಯಾರೋ ಕೈ ಸುಟ್ಕೋಬೇಕಾ?" ಎಂದು ಸೌಟು ಕೆಳಗಿಟ್ಟಳು. ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರ ಬರೆದಿಲ್ಲ.

ಇವತ್ತು ಬೆಳಿಗ್ಗೆ ಅರಳೆ ನಮ್ಮ ಮನೆಗೇ ಬಂದಿದ್ದಳು. ಅಮ್ಮ ಪೇಟೆಗೆ ಹೋಗಿದ್ದಳು. ಕಿಟಕಿಯ ಸಂದಿಯಿಂದ ನೋಡಿದೆ, ಬಾಗಿಲು ತೆಗೆಯಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋದಳು.

ನನ್ನ ಬೇಡಿಕೆ ಇಷ್ಟೇ. ಅವಳನ್ನು ಸೇರಿಸಿಕೊಂಡದ್ದು ನಾನಿಲ್ಲದ ತೀರ್ಮಾನ, ಅದನ್ನು ಮತ್ತೆ ಮೇಜಿನ ಮೇಲಿಟ್ಟು ನನ್ನನ್ನು ಕೇಳಿ. ನಾನು ಬೇಡ ಎಂದರೆ ಏನು ಮಾಡುತ್ತೀರಿ ಎಂದು ನೋಡಬೇಕೆಂಬ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಮನಸ್ಸು ತಿಳಿಯಾದ ಮೇಲೆ ಆದಷ್ಟು ಬೇಗ ಬಂದು ಮಾತಾಡುತ್ತೇನೆ. ಈ ಕಾಗದವನ್ನು ಅಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳು ಏನಾದರೂ ಸೇರಿಸಿ ಹೇಳಿದರೆ ನಂಬಬೇಡಿ.

ಇಂತಿ, ಆ ಹೆಸರು ಇನ್ನೂ ನನ್ನದೇ ಆಗಿದ್ದರೆ,
ನಿಮ್ಮ ಕಿಡಿ

ತಾ.ಕ.: ಅರಳೆ ಸುಮ್ಮನೆ ನಿಂತು ಹೊರಟುಹೋದಳು ಎಂದು ಬರೆದದ್ದು ನಿಜವಲ್ಲ. ಬಾಗಿಲು ತೆಗೆಯದಿದ್ದುದನ್ನು ನೋಡಿ ಮೆಟ್ಟಿಲ ಮೇಲೆ ಕೂತಳು. ಚೀಲದಿಂದ ಹಾಳೆ ತೆಗೆದು ಮುಚ್ಚಿದ ಬಾಗಿಲಿಗೆ ಓದತೊಡಗಿದಳು. 'ಒಲೆಯ ಹಿಡಿ ಬಿಸಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡ.' ನಾನು ಬಾಗಿಲಿಗೆ ಬೆನ್ನು ಕೊಟ್ಟು ಎದುರಿನ ಗೋಡೆ ನೋಡುತ್ತ ನಿಂತೆ. ಹಾಳೆ ಚೆನ್ನಾಗಿದೆ. ನನ್ನ ಒಂದು ಹಾಳೆಯೂ ಅಷ್ಟು ಚೆನ್ನಾಗಿಲ್ಲ. ಓದಿ ಮುಗಿಸಿ, "ಕೇಳಿಸ್ತಾ?" ಎಂದಳು. ಮಾತಾಡಬಾರದೆಂದು ಹಟ ಹಿಡಿದಿದ್ದೆ, ಆದರೆ ನನಗರಿವಿಲ್ಲದೆ ಉಸಿರು ಸರ್ರನೆ ಒಳಗೆ ಹೋಯಿತು. ಬಾಗಿಲಾಚೆ ಅವಳು ನಕ್ಕದ್ದು ಕೇಳಿಸಿತು. ನಿಜವಾಗಿಯೂ ಅರಳೆಯ ಹಾಗೇ ಇದೆ ಆ ದನಿ.

ಒಂದು ಕಡೆ ಮಾತ್ರ ಕೈ ಎತ್ತಿದೆ. ಅವಳಿಗೆ ಕಾಣಲಿಲ್ಲ, ಅದಕ್ಕೇ ನಿನಗೆ ಹೇಳುತ್ತಿದ್ದೇನೆ, ಅಕ್ಕ. ಹಿಡಿ ಬದಲಿಸುವವರು 'ಆದಷ್ಟು ಬೇಗ' ಬರುತ್ತಾರೆ ಎಂದು ಬರೆದಿದ್ದೀಯ. ಬೇಗ ಎಂದರೆ ಯಾವತ್ತು? ಅದನ್ನು ಅಲ್ಲಿ ಯಾರೂ ನಂಬುವುದಿಲ್ಲ ಎಂದು ನೀನೇ ಹೇಳಿಕೊಟ್ಟಿದ್ದೆ. ದಿನ ಹಾಕು, ಗಂಟೆ ಹಾಕು. ಕಂಪನಿಯವರನ್ನು ಇವತ್ತೇ ಕೇಳಿ ತಿಳಿದುಕೋ. ಮೇಲೆ ನಾನೂ ಅದೇ ತಪ್ಪು ಮಾಡಿದ್ದೇನೆ, ತಿದ್ದುತ್ತಿದ್ದೇನೆ. ಬೀಗದಂಗಡಿಯಲ್ಲಿ ಒಂದು ಹಳೆಯ ಕುರ್ಚಿ ಬಿದ್ದಿದೆ, ಕೇಳಿ ಇಸಿದುಕೊಂಡಿರು. ಮೂವರಾದರೆ ನಿನಗೆ ಬೇಕಾದ ಬಹುಮತವೂ ಸಿಗುತ್ತದೆ. ಅವಳನ್ನೂ ಇರಹೇಳು. ನಾಳೆ, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ ಬರುತ್ತೇನೆ.