ಎಡಗಣ್ಣಿನ ತಾರೀಖು

ತಾರೀಖು ಮೂರು, ಭಾನುವಾರ

ನನ್ನ ಗುಂಡುಸೂಜಿಗೆ,

ಅಪ್ಪನ ಆಶೀರ್ವಾದ. ಐ ಬೆಗ್ ಟು ಸ್ಟೇಟ್ ದಟ್— ಕಾಲೇಜಿನಲ್ಲಿ ಪತ್ರ ಹೀಗೇ ಶುರು ಮಾಡಬೇಕೆಂದು ಕಲಿಸಿದ್ದರು. ದಟ್ ಆದಮೇಲೆ ಏನೆಂಬುದು ಮರೆತಿದೆ. ಫೋನಿನಲ್ಲಾದರೆ ಮೂರನೇ ಮಾತಿಗೇ ‘ಆಮೇಲೆ ಮಾಡ್ತೀನಪ್ಪಾ’ ಅನ್ನುತ್ತೀ, ಅದಕ್ಕೇ ಪತ್ರ.

ನಿಮ್ಮ ಡೈವೋರ್ಸಿನಲ್ಲಿ ನಾನು ತಲೆಹಾಕುವುದಿಲ್ಲ. ನಿನ್ನ ಲಾಯರಮ್ಮನ ಹತ್ತಿರ ಒಂದೇ ಒಂದು ಸಲ ಹೋಗಿದ್ದೆ. ಸರಿ, ಎರಡು ಸಲ. ಒಂದು ವರ್ಷ ಬೇರೆ ಇರಬೇಕು, ಇದ್ದೀರಿ. ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಹಾಕಿದಿರಿ. ಮದುವೆಯಾದ ಮೇಲೆ ನೀವು ಜಗಳವಿಲ್ಲದೆ ಮಾಡಿದ ಮೊದಲ ಕೆಲಸ. ಆಮೇಲೆ ಮನಸ್ಸು ಬದಲಾದೀತೇನೋ ಎಂದು ಆರು ತಿಂಗಳು ಕೂಲಿಂಗ್ ಪಿರಿಯಡ್. ಅದೂ ಮುಗಿಯಿತು. ಹದಿನಾಲ್ಕಕ್ಕೆ ಜಡ್ಜ್ ಮುಂದೆ ಇಬ್ಬರೂ ಇನ್ನೊಮ್ಮೆ ‘ಹೂಂ’ ಅಂದರೆ ಆಯಿತು. ‘ಹುಡುಗಿಯ ಅಪ್ಪನ ಕನ್ಸೆಂಟ್ ಬೇಡ್ವೇನಮ್ಮಾ?’ ಎಂದು ಕೇಳಿದೆ. ‘ಮದುವೆಗೇ ಕೇಳಿರ್ಲಿಲ್ವಂತಲ್ಲ ಅಂಕಲ್!’ ಅಂದಳು. ನಿನಗೆ ತಕ್ಕ ಲಾಯರು.

ಈಗ ವಿಷಯ. ನಿನ್ನೆ ನನ್ನ ಬಲಗಣ್ಣಿನ ಪೊರೆ ತೆಗೆದರು. ಗಾಬರಿಯಾಗಬೇಡ. ಎಡಗಣ್ಣಿನದು ಹದಿನಾಲ್ಕಕ್ಕೇ ನಿಗದಿಯಾಗಿದೆ. ಡಾಕ್ಟರಿಗೆ ಬೇರೆ ದಿನವೇ ಇಲ್ಲವಂತೆ. ಜೊತೆಗೆ ಇಬ್ಬರು ಇರಲೇಬೇಕಂತೆ: ಒಬ್ಬರು ಕೈ ಹಿಡಿಯಲು, ಇನ್ನೊಬ್ಬರು ಚಪ್ಪಲಿ ಕಾಯಲು. ಕೋರ್ಟಿಗೇನೂ ಅವಸರವಿಲ್ಲ, ಅರ್ಜಿಗೆ ಹಾಕಿದ ದಿನದಿಂದ ಹದಿನೆಂಟು ತಿಂಗಳು ಜೀವವಿರುತ್ತದಂತೆ. ಇನ್ನೂ ಹನ್ನೆರಡು ಉಳಿದಿವೆ. ಆಪರೇಷನ್ನಿಗೆ ನನಗೆ ಎರಡು ಮಂಡಿಗಳೂ ಇವೆ.

ಗಂಡನ ಮೇಲೆ ನಿನ್ನ ದೂರು ಗೊತ್ತು: ಲಿಫ್ಟ್ ರಿಪೇರಿ ಮುಗಿಸಿ ಬಂದರೆ ಬಾಯಿಗೆ ಬೀಗ ಹಾಕಿ ಕೂರುತ್ತಾನೆ. ನಿಜ. ಭಾನುವಾರ ಬಂದು ನನ್ನೊಂದಿಗೆ ಚೆಸ್ ಆಡುತ್ತಾನೆ, ‘ಚೆಕ್’ ಅಂತಲೂ ಹೇಳುವುದಿಲ್ಲ ಪುಣ್ಯಾತ್ಮ, ನಾನೇ ನೋಡಿಕೊಳ್ಳಬೇಕು. ಹೋದ ವಾರ ಮಾತ್ರ ಕೇಳಿದ: ‘ಹದಿನಾಲ್ಕಾದ್ಮೇಲೆ ನಿಮ್ಮನ್ನ ಏನಂತ ಕರೀಲಿ ಮಾವ?’ ನನಗೆ ಬರುವ ಇಂಗ್ಲಿಷನ್ನೆಲ್ಲ ತಡಕಾಡಿದೆ, ಅದಕ್ಕೊಂದು ಪದ ಸಿಗಲಿಲ್ಲ. ನಿಮ್ಮಮ್ಮ ಹೋದ ಮೇಲೆ ಈ ಮನೆಯ ಬೆಲ್ ಒತ್ತುವವನು ಅವನೊಬ್ಬನೇ ಕಣೇ.

ಇತಿ,
ಯುವರ್ ಮೋಸ್ಟ್ ಒಬೀಡಿಯಂಟ್ ಅಪ್ಪ

ಮರೆತಿದ್ದು: ಅಕ್ಷರ ನೋಡಿ ಆಗಲೇ ಹಿಡಿದಿರುತ್ತೀ. ಕಣ್ಣಿಗೆ ಪಟ್ಟಿಯಿದೆ, ಹೇಳುತ್ತಿರುವವನು ನಾನು, ಬರೆಯುತ್ತಿರುವವನು ನಿನ್ನ ಗಂಡ. ಅವನ ಮನಸ್ಸಿನಲ್ಲಿರುವುದನ್ನೂ ಒಂದು ಸಾಲು ಹೇಳಿದೆ. ‘ಅದನ್ನ ನೀವು ಹೇಳ್ಬಾರ್ದು ಮಾವ’ ಎಂದು ಪೆನ್ನು ಕೆಳಗಿಟ್ಟ. ಹಾಗಾದರೆ ನೀನೇ ಬರೆದುಕೋ ಎಂದು ಉಳಿದ ಜಾಗ ಅವನಿಗೇ ಬಿಟ್ಟಿದ್ದೇನೆ.

ಮಾವನ ಎಡಗಣ್ಣು ಇಪ್ಪತ್ತೆಂಟಕ್ಕೆ. ಆಸ್ಪತ್ರೆಯ ಚೀಟಿ ನೋಡಿದೆ. ಹದಿನಾಲ್ಕು ಅನ್ನೋದು ಸುಳ್ಳು. ಆದ್ರೂ ಅವತ್ತು ಕೋರ್ಟಿಗೆ ಹೋಗಬೇಡ, ಇಲ್ಲಿಗೇ ಬಾ. ಮಾತಾಡ್ತೀನಿ.