ಜೇನು ಹೊರುವ ಗಾಡಿಗೆ ಹೊಸ ಶಾಕಪ್

ಮಂಗಳವಾರ, ಮಧ್ಯಾಹ್ನ ಊಟವಾದ ಮೇಲೆ

ನನ್ನ ತಂಗಿ ಗುಬ್ಬಿಗೆ, ಅಕ್ಕನ ಆಶೀರ್ವಾದ.

ನಾನು ಇಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಮೂತಿ ಊದಿಸಿಕೊಂಡು ಕೂತಿರಬೇಡ. ಬರೆಯುವುದೆಂದರೆ ನನಗೆ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತಿದ ಹಾಗೆ. ಮೂರನೇ ಕ್ಲಾಸಿನಲ್ಲೇ ಸ್ಲೇಟು ಒಡೆದು ಮನೆಗೆ ಬಂದವಳು ನಾನು. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಕಾಗದದಲ್ಲಿ ನೀನು ಅಡ್ಡಬಾಯಿ ಹಾಕುವ ಹಾಗಿಲ್ಲ.

ಬೆನ್ನಿನ ಆಪರೇಷನ್ ಆದಮೇಲೆ ಕಾಲಿಗೆ ಸ್ಪರ್ಶ ಬಂತು, ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ್ದು ಗೊತ್ತಾಯಿತು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಬಾಗಿಲ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಕಾಲಿಗೆ ಕಲ್ಲು ಚುಚ್ಚಿತು ಅಂತ ಹಿಗ್ಗಿದವಳು ಲೋಕದಲ್ಲಿ ನೀನೊಬ್ಬಳೇ. ಎರಡನೆಯವಳು ನಾನು. ನಿನ್ನ ಮಗಳು, ಅಳಿಯ ನಿನ್ನನ್ನು ಮನೆಯಲ್ಲಿಟ್ಟುಕೊಂಡು ಚೆನ್ನಾಗಿ ನೋಡಿಕೊಂಡರು. ಅವರಿಗೆ ನನ್ನ ಹೆಸರು ಹೇಳಿ ಎರಡು ಒಳ್ಳೆ ಮಾತಾಡು. ನನಗೆ ಬರುವುದಿಲ್ಲ.

ಆಮೇಲೆ ಕೆಳಗೆ ಇನ್ನೊಂದು ಬರೆದೆ. ಕುಲುಕಾಡುವ ಗಾಡಿ ಹತ್ತಬೇಡಿ ಅಂದರಂತೆ ಡಾಕ್ಟರು. "ಅಕ್ಕಾ, ಇನ್ನು ನನ್ನ ಓಡಾಟ ಮುಗಿಯಿತು, ನನ್ನ ಸೀಟಿಗೆ ಬೇರೆ ಯಾರನ್ನಾದರೂ ನೋಡಿಕೋ" ಅಂತೆ. ಏ ಪೆದ್ದಿ, ಡಾಕ್ಟರು ಬೇಡ ಅಂದಿದ್ದು ಕುಲುಕಾಡುವ ಗಾಡಿ. ಜೇನುಪೆಟ್ಟಿಗೆ ಹೊರುವ ನಮ್ಮ ಗಾಡಿ ಅಂದರೇನು? ಎರಡೂ ಒಂದೇ ಅಂತ ನೀನು ನಗುತ್ತೀಯ. ಒಂದೇ ಆಗಿತ್ತು, ಈಗಲ್ಲ. ಆ ಕಥೆ ಹೇಳೋಣ ಅಂತಲೇ ಪೆನ್ನು ಹಿಡಿದಿದ್ದು.

ನಿನ್ನ ಕಾಗದ ಬಂದ ಮರುದಿನವೇ ನಮ್ಮ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ದೆ. ಅವನೇ, ನೀನು ಗೊಣಗ ಅಂತ ಹೆಸರಿಟ್ಟವನು. ಅವನು ಗಾಡಿಯ ಮೂಲೆ ಹಿಡಿದು ಒಮ್ಮೆ ಅದುಮಿ ಬಿಟ್ಟ. ಗಾಡಿ ಗೋಣು ಅಲ್ಲಾಡಿಸಿತು, ಅಲ್ಲಾಡಿಸಿತು, ನಿಲ್ಲಲೇ ಇಲ್ಲ.

"ದೊಡ್ಡಮ್ಮ, ಅದುಮಿ ಬಿಟ್ಟರೆ ಎದ್ದು ಸುಮ್ಮನೆ ನಿಲ್ಲಬೇಕು. ಇದು ಹೂಂ ಹೂಂ ಅಂತಾನೇ ಇದೆ. ಕುಲುಕು ತಡೆಯೋ ಶಾಕಪ್ ಎಣ್ಣೆ ಕಾರಿಕೊಂಡು ಸತ್ತು ಯಾವ ಕಾಲ ಆಯ್ತೋ. ಇದನ್ನ ಹೆಂಗೆ ಓಡಿಸ್ತಿದ್ರಿ?"

"ಬೈಕೊಂಡು ಓಡಿಸ್ತಿದ್ದೆ" ಅಂದೆ.

ಸಾಮಾನಿನ ಅಂಗಡಿಗೆ ಹೋದರೆ ಗೋಡೆ ತುಂಬ ಶಾಕಪ್. ಕೆಂಪಂತೆ, ಹಳದಿಯಂತೆ, ಗ್ಯಾಸ್ ತುಂಬಿದ್ದಂತೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಗಂಡಸರು ಯಾರೂ ಇಲ್ವಾ ಅಮ್ಮಾ?" ಅಂದ.

"ಇದ್ದಾರಪ್ಪ, ಪೆಟ್ಟಿಗೆಯೊಳಗೆ. ಗಂಡುಜೇನು. ಕೆಲಸ ಮಾಡಲ್ಲ, ತಿಂದುಕೊಂಡು ಬಿದ್ದಿರ್ತವೆ. ಕರೆಸಲಾ?"

ಆಮೇಲೆ ಅವನ ಬಾಯಿ ನೆಟ್ಟಗಾಯಿತು. ಕಲ್ಲು ಮರಳು ಹೊರುವ ಗಾಡಿಯ ದಪ್ಪನೆಯದನ್ನು ಮೊದಲು ತೋರಿಸಿದ. ಗೊಣಗ ಬೇಡ ಅಂದ. ಗುಂಡಿ ತಿರುಗಿಸಿ ಬಿಗಿ ಮಾಡುವ, ಸಡಿಲ ಮಾಡುವ ಜಾತಿಯದೊಂದು ಇತ್ತು, ಅದನ್ನೇ ತಂದೆವು. ಗುಂಡಿ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ. ಒಂದೊಂದು ಟಿಕ್ಕಿಗೆ ಒಂದೊಂದು ಬಿಗಿ.

ಹಾಕಿದ ಮೇಲೆ ಗೊಣಗ ನಡುಮಧ್ಯಕ್ಕೆ ಇಡೋಣ ಅಂದ. ನಾನು ಬಿಟ್ಟೇನೆ? ಇಷ್ಟೆಲ್ಲಾ ಮಾಡಿ ಅರ್ಧಂಬರ್ಧ ಯಾಕೆ, ಕೊನೇ ಟಿಕ್ಕಿಗೆ ಬಿಗಿ ಅಂದೆ. ಗಟ್ಟಿಯಿದ್ದಷ್ಟೂ ಒಳ್ಳೇದು ಅಂತ ನನ್ನ ತಲೆಯಲ್ಲಿ. ಹುಳ ಇಲ್ಲದ, ಹಳೇ ಜೇನುತಟ್ಟಿನ ಎರಿ ಮಾತ್ರ ಇದ್ದ ಒಂದು ಪೆಟ್ಟಿಗೆ ಪರೀಕ್ಷೆಗೆ ಹಿಂದೆ ಕಟ್ಟಿಕೊಂಡು ಹೊರಟೆ. ತಂಗೀ, ಇರುವ ನಾಲ್ಕು ಹಲ್ಲೂ ಜಾಗ ಬದಲಾಯಿಸಿದವು. ಮನೆಗೆ ಬಂದು ಮುಚ್ಚಳ ತೆಗೆದರೆ ಮೇಣದ ಎರಿ ಹಪ್ಪಳ ಮುರಿದ ಹಾಗೆ ಮುರಿದು ಬಿದ್ದಿತ್ತು. ಒಳಗೆ ಜೇನು ಇದ್ದಿದ್ದರೆ ರಾಣಿ ಅಲ್ಲೇ ಜಜ್ಜಿ ಹೋಗುತ್ತಿದ್ದಳು.

ಮರುದಿನ ಗೊಣಗನ ಮೇಲೆ ಎಗರಾಡಿದೆ. ಅವನು ಕೈ ಒರೆಸಿಕೊಳ್ಳುತ್ತಾ, "ಬೈದು ಮುಗೀತಾ? ಜೇನು ಹೊರೋ ಗಾಡಿಗೆ ಬಂಡೆ ಹೊರೋ ಬಿಗಿ ಕೇಳಿದ್ದು ಯಾರು?" ಅಂದ. ನಾನು ಚಕ್ರ ನೋಡುತ್ತಾ ನಿಂತೆ. ಅವನು ಮುಂದಿನದನ್ನು ಜಾಸ್ತಿ ಸಡಿಲ ಮಾಡಿದ, ಹಿಂದಿನದನ್ನು ಅದಕ್ಕಿಂತ ಸ್ವಲ್ಪ ಬಿಗಿ ಇಟ್ಟ, ಟೈರಿನ ಗಾಳಿಯನ್ನೂ ಒಂದಿಷ್ಟು ಇಳಿಸಿದ, ಆ ಪೆಟ್ಟಿಗೆಯನ್ನೇ ಮತ್ತೆ ಹಿಂದೆ ಕಟ್ಟಿದ. "ಈಗ ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತು ಹೇಳಿ" ಅಂದ.

ಹಾಗೆ ನಾನು ನಿನ್ನ ಸೀಟಿನಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಅಲ್ಲಿ ಕೂತರೆ ಹಿಡಿಯಲು ಸ್ಟೇರಿಂಗ್ ಇಲ್ಲ. ಹಳ್ಳ ಬರುವುದು ಓಡಿಸುವವರಿಗೆ ಮೊದಲೇ ಕಾಣುತ್ತದೆ, ಮೈ ತಾನಾಗಿ ಬಿಗಿಯಾಗುತ್ತದೆ. ನಿನ್ನ ಕಡೆ ಅದೂ ಇಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾನು ಸೊಂಟ ತಿರುಚಿ ಹಿಂದಿನ ಗಾಜಿನಲ್ಲಿ ಪೆಟ್ಟಿಗೆ ನೋಡುತ್ತಿದ್ದೆ. "ಯಾಕೆ ಹಿಂದಕ್ಕೆ ತಿರುಗಿ ಕೂತ್ರಿ?" ಅಂತ ಗೊಣಗ ಕೇಳಿದ. ಹಗ್ಗ ಸಡಿಲವಾಯಿತಾ ನೋಡಬೇಕಲ್ಲ ಅಂದೆ. ಅಂದಮೇಲೆ ನೀನು ನೆನಪಾದೆ. ನೀನು ಅದೇ ಭಂಗಿಯಲ್ಲಿ ಕೂತೇ ಅಲ್ಲವೇನೆ ಊರೂರು ಸುತ್ತಿದ್ದು, "ನಿಲ್ಸೇ ಅಕ್ಕಾ, ಹಗ್ಗ ಜಾರ್ತಿದೆ" ಅಂತ ಕೂಗುತ್ತಾ? ಒಂದು ದಿನ ನೋವು ಅಂದವಳಲ್ಲ. ಜೇನು ಕುಟುಕಿದರೆ ಮಾತ್ರ ಬೀದಿ ಒಂದಾಗುವ ಹಾಗೆ ಅರಚುತ್ತಿದ್ದೆ.

ಅದಕ್ಕೇ ಇನ್ನೊಂದು ಕೆಲಸ ಮಾಡಿಸಿದೆ. ನಿನ್ನ ಎದುರಿಗೆ ಒಂದು ಅಗಲ ಕನ್ನಡಿ ಕೂರಿಸಿದ್ದಾನೆ. ಮುಂದಕ್ಕೆ ನೆಟ್ಟಗೆ ಕೂತೇ ಹಿಂದಿನ ಅಷ್ಟೂ ಪೆಟ್ಟಿಗೆ ಕಾಣುತ್ತವೆ. ತಲೆ ಬಾಚಿಕೊಳ್ಳಲೂ ಆಗುತ್ತದೆ, ಆದರೆ ಆ ಕೂದಲಿಗೆ ಇಷ್ಟು ದೊಡ್ಡ ಕನ್ನಡಿ ದಂಡ.

ಮೊನ್ನೆ ಅಷ್ಟೂ ಪೆಟ್ಟಿಗೆ ತುಂಬಿಕೊಂಡು ಸೂರ್ಯಕಾಂತಿ ಹೊಲಕ್ಕೆ ಹೋದೆ. ಹೊಲಕ್ಕೆ ಹೋಗುವ ಆ ಹಾಳು ಮಣ್ಣುದಾರಿ ನಿನಗೆ ಗೊತ್ತಲ್ಲ. ಗಾಡಿ ಪ್ರತಿ ಹಳ್ಳಕ್ಕೂ ಒಮ್ಮೆ ಬಗ್ಗಿತು, ಎದ್ದಿತು, ಸುಮ್ಮನಾಯಿತು. ಪೆಟ್ಟಿಗೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿದೆ, ಬಾಗಿಲು ತೆಗೆದೆ. ಒಂದು ಎರಿಯೂ ಮುರಿದಿಲ್ಲ! ಜೇನು ಹೊರಗೆ ಬಂದು, ಮೈಮುರಿದು, ನನ್ನನ್ನು ಲೆಕ್ಕಕ್ಕೇ ಇಡದೆ ಹೂವಿನ ಕಡೆ ಹೋದವು. ಬೇಲಿಗೊರಗಿ ನಿಂತು ಒಬ್ಬಳೇ ನಕ್ಕೆ. ಹೊಲದವನು ಮುದುಕಿಗೆ ಬಿಸಿಲು ತಲೆಗೇರಿತು ಅಂದುಕೊಂಡಿರಬೇಕು.

ಮುಂದಿನ ಭಾನುವಾರ ಗಾಡಿ ತೆಗೆದುಕೊಂಡು ಅಲ್ಲಿಗೆ ಬರುತ್ತೇನೆ. ಬೇಕಾದರೆ ನಿನ್ನ ಡಾಕ್ಟರನ್ನೇ ಮೊದಲು ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹೊಡೆಸುತ್ತೇನೆ. ಅವರು ಹೂಂ ಅಂದರೆ ನೀನು ಹತ್ತು, ಮಗಳ ಬೀದಿಯ ತುದಿವರೆಗೆ. ನೋವಾದರೆ ಇಳಿದುಬಿಡು, ನಾನು ಒಂದು ಮಾತೂ ಆಡುವುದಿಲ್ಲ. ಎರಡು ಆಡಬಹುದು.

ನಿನ್ನ ಬೆನ್ನು ನೆಟ್ಟಗಿರಲಿ, ನಾಲಿಗೆ ಮೊದಲಿನಷ್ಟೇ ಚೂಪಾಗಿರಲಿ, ಮಕ್ಕಳುಮರಿ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತಿದ್ದು: ಗುಂಡಿ ತಿರುಗಿಸುವ ಮುಂಚೆ ಗೊಣಗ ಭಾರದ ಲೆಕ್ಕ ಕೇಳಿದ್ದ. ಹಿಂದೆ ಎಷ್ಟು ಪೆಟ್ಟಿಗೆ, ಮುಂದೆ ಎಷ್ಟು ಜನ. ಪೆಟ್ಟಿಗೆ ನಲವತ್ತು, ಜನ ಇಬ್ಬರು ಅಂದೆ. ಅವನು ಒಳಗೆ ಬಗ್ಗಿ ನೋಡಿದ. ನಿನ್ನ ಸೀಟಿನ ಮೇಲೆ ನಿನ್ನ ಕೈಗವಸು ಬಿಟ್ಟರೆ ಏನೂ ಇರಲಿಲ್ಲ. "ಚಿಕ್ಕಮ್ಮ ಇನ್ನು ಬರಲ್ಲ ಅಂದ್ರಂತೆ?" ಅಂದ. ಇಬ್ಬರು ಅಂದರೆ ಇಬ್ಬರು ಕಣೋ ಅಂತ ರೇಗಿದೆ. "ಬಿಡಿ ದೊಡ್ಡಮ್ಮ, ಒಬ್ಬರು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಗಾಡಿಗೆ ಗೊತ್ತೇ ಆಗಲ್ಲ" ಅಂದ.

ಗಾಡಿಗೆ ಗೊತ್ತಾಗುವುದಿಲ್ಲ, ಗುಬ್ಬಿ.